ಉಳಿಕೆಗಲ್ಲು

ಒಲೆಯ ಮಗ್ಗುಲ ಗೋಡೆಯಲ್ಲಿ ನನ್ನ ಗಂಡ ಇದ್ದ. ಅಂದರೆ ನೆಲಕ್ಕೆ ಹಾಸುವಂಥ, ಎರಡು ಅಂಗೈ ಅಗಲದ ಒಂದು ಬೂದು ಪರಸಿಕಲ್ಲು, ಅದರ ನಡುವೆ ಒಂದು ತಗ್ಗು. ಬೆನ್ನು ಬಾಗಿಸಿಕೊಂಡು ಮಲಗಿದ ಮೀನಿನ ಆಕಾರ. ಮುಳ್ಳಿನ ಒಂದೊಂದು ಗೆರೆಯೂ ಕಾಣುತ್ತಿತ್ತು, ಮೀನು ಮಾತ್ರ ಇರಲಿಲ್ಲ. ಒಲೆ ಉರಿದಾಗ ಆ ತಗ್ಗಿನೊಳಗೆ ನೆರಳು ಅಲುಗುತ್ತಿತ್ತು. ನಾನು ರೊಟ್ಟಿ ಬಡಿಯುತ್ತ ಅದರ ಜೊತೆ ಮಾತಾಡುತ್ತಿದ್ದೆ, ಮನಸ್ಸು ಕೆಟ್ಟ ದಿನ ಜಗಳವನ್ನೂ ಆಡುತ್ತಿದ್ದೆ. "ನೀವೇನೋ ಆರಾಮ ಮಲಗೀರಿ, ನಿಮ್ಮವ್ವನ ಕೂಡ ಏಗೂದು ನನ್ನ ಪಾಲಿಗೆ ಬಂತು," ಎಂದು ಗೊಣಗುತ್ತಿದ್ದೆ. ಗೋಡೆಯಲ್ಲಿರುವ ಗಂಡ ಎದುರು ಮಾತಾಡುವುದಿಲ್ಲ ಎಂಬುದೊಂದು ಅನುಕೂಲ.

ನಾನು ಆ ಊರಿಗೆ ಸೊಸೆಯಾಗಿ ಬಂದವಳು. ನಾಲ್ಕಕ್ಷರ ಕಲಿತಿದ್ದೇನೆಂಬ ಜಂಬವೂ ಇತ್ತು. ಶಾಲೆಯಲ್ಲಿ ನಮ್ಮ ಮಾಸ್ತರರು ಹಲಗೆಯ ಮೇಲೆ 'ಪಳೆಯುಳಿಕೆ' ಎಂದು ಬರೆದು, "ಪಳೆ ಅಂದರೆ ಹಳೆಯದು, ಉಳಿಕೆ ಅಂದರೆ ಉಳಿದದ್ದು. ಜೀವ ಹೋಗಿ, ಮಾಂಸ ಹೋಗಿ, ಕಡೆಗೆ ಎಲುಬೂ ಹೋಗಿ, ಕಲ್ಲಿನಲ್ಲಿ ಆಕಾರವಷ್ಟೇ ನಿಂತರೆ ಅದು ಪಳೆಯುಳಿಕೆ," ಎಂದು ಹೇಳಿಕೊಟ್ಟಿದ್ದರು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಮಾತು ನನ್ನ ಗಂಡನ ಊರಿನಲ್ಲಿ ಉಪ್ಪು ಮೆಣಸಿನಕಾಯಿಯಷ್ಟೇ ಬಳಕೆಯದಾಗಿತ್ತು. ಅದು ಪರಸಿಕಲ್ಲಿನ ಖಣಿಯ ಊರು. ಅಲ್ಲಿಯ ಕಲ್ಲು ಪದರುಪದರಾಗಿ ಏಳುತ್ತಿತ್ತು. ಚಾಣವಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರೆ ಎರಡಾಗಿ ಬಿಚ್ಚಿಕೊಳ್ಳುತ್ತಿತ್ತು. ಒಮ್ಮೊಮ್ಮೆ ಒಳಗೆ ಎಲೆಯೋ ಶಂಖವೋ ಮೀನೋ ಇರುತ್ತಿತ್ತು. ಊರಿನವರು ಅದನ್ನು ನೋಡಿ ನೋಡಿ ಪದವನ್ನು ತಮಾಷೆಗೂ ಇಳಿಸಿದ್ದರು. ಹಲ್ಲಿಲ್ಲದ ಮುದುಕ ಬಂದರೆ "ಬಂತು ನೋಡ್ರಿ ಪಳೆಯುಳಿಕಿ" ಎನ್ನುತ್ತಿದ್ದರು. ತೂತು ಬಿದ್ದ ಕೊಡೆ ಪಳೆಯುಳಿಕೆ, ಮೂಲೆ ಹಿಡಿದ ತೊಟ್ಟಿಲು ಪಳೆಯುಳಿಕೆ. ನನ್ನ ಅತ್ತೆ ಸಂಕವ್ವ ತನ್ನ ಮದುವೆಯ ಸೀರೆಯನ್ನೇ ತೇಪೆ ಹಾಕಿ ಉಡುತ್ತಿದ್ದುದನ್ನು ಕಂಡು ನಾನೂ ಒಮ್ಮೆ ಆ ಪದ ಎಸೆದೆ. ಅವಳು ಕುಲುಕುಲು ನಕ್ಕು, "ಹೌದವಾ, ಸೀರಿ ಅಷ್ಟ ಅಲ್ಲ, ನಾನೂ ಪಳೆಯುಳಿಕಿನ. ನಿನ್ನಂಥಾ ಸೊಸಿ ಬಂದ್ರೂ ಸವದಿಲ್ಲ ನೋಡು," ಎಂದಿದ್ದಳು.

ಆದರೆ ಸಾವಿನ ಮನೆಯಲ್ಲಿ ಆ ಪದದ ಮುಂಭಾಗ ಬಿಟ್ಟು 'ಉಳಿಕೆ' ಎಂದಷ್ಟೇ ಹೇಳುತ್ತಿದ್ದರು, ಅದೂ ದನಿ ತಗ್ಗಿಸಿ. ಖಣಿಯ ಮಗ್ಗುಲು ಕುಸಿದು ಯಾರಾದರೂ ಒಳಗೆ ಸಿಕ್ಕಿಕೊಂಡರೆ ಅಗೆದು ತೆಗೆಯುವ ಮಾತಿರಲಿಲ್ಲ. ತೆಗೆಯಲು ಹೋದವನ ಮೇಲೂ ಗುಡ್ಡ ಬರುತ್ತಿತ್ತು. ಅದಕ್ಕೆ ಊರು ಒಂದು ದಾರಿ ಕಂಡುಕೊಂಡಿತ್ತು. ಕುಸಿತದ ನಂತರ ಮೊದಲು ಏಳುವ ಗುರುತಿನ ಕಲ್ಲನ್ನು, ಅದರಲ್ಲಿ ಎಲೆಯಿರಲಿ ಮೀನಿರಲಿ, ಸತ್ತವನ ದೇಹವೆಂದು ಒಪ್ಪಿಕೊಳ್ಳುತ್ತಿದ್ದರು. ಕಲ್ಲು ಬಿಚ್ಚಿದಾಗ ಒಂದು ಪಾಲಿನಲ್ಲಿ ಉಬ್ಬು ಇರುತ್ತದೆ, ಇನ್ನೊಂದರಲ್ಲಿ ತಗ್ಗು. ತಗ್ಗಿನ ಪಾಲು ಮನೆಯ ಗೋಡೆಗೆ, ಉಬ್ಬಿನ ಪಾಲು ಮಣ್ಣಿಗೆ. ಖಣಿಯ ದಂಡೆಯ ಹೊಲದಲ್ಲಿ ಗುಣಿ ತೋಡಿ, ಉಬ್ಬಿನ ಕಲ್ಲನ್ನು ಹೊಸ ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಡುತ್ತಿದ್ದರು. ಅವಳು ಒಬ್ಬಳೇ ಇಳಿದು, ಬಟ್ಟೆ ಬಿಚ್ಚಿ ಮಗನ ಮುಖವೆಂದು ಅದನ್ನು ನೋಡಿ, ಮತ್ತೆ ಸುತ್ತಿ ಮಲಗಿಸಬೇಕು. ಅಷ್ಟು ಹೊತ್ತು ಉಳಿದವರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು. ಆಮೇಲೆ ತಾಯಿ ಮೂರು ಸಲ ಹೆಸರು ಹಿಡಿದು ಕರೆಯುತ್ತಾಳೆ. ಉತ್ತರ ಬರದಿದ್ದರೆ ಮಣ್ಣೆಳೆಯುತ್ತಾರೆ. "ಉತ್ತರ ಬರದಿದ್ದರೆ" ಎಂದು ಅವರು ಗಂಭೀರವಾಗಿ ಹೇಳುವಾಗ, ಹೊಸಬಳಾದ ನನಗೆ ನಗು ಬಂದಿತ್ತು.

ಆ ನಗುವಿಗೆ ಬಹಳ ಆಯುಷ್ಯವಿರಲಿಲ್ಲ. ಮದುವೆಯಾದ ಮರುವರ್ಷದ ಬೇಸಿಗೆಯಲ್ಲಿ ಖಣಿಯ ಪಡುವಣ ಮಗ್ಗುಲು ಕುಸಿಯಿತು. ಸದ್ದು ಕೇಳಿ ಊರೇ ಓಡಿತು. ದೂಳು ಇಳಿದ ಮೇಲೆ ಹಿರಿಯ ಮೇಸ್ತ್ರಿ ದ್ಯಾವಪ್ಪ ದಂಡೆಯ ಮೇಲೆ ನಿಂತು ಒಂದೊಂದೇ ಮನೆಯ ಹೆಸರು ಹಿಡಿದು ಕೂಗಿದ. ಕೂಗಿದ ಮನೆಯವರೆಲ್ಲ "ಓ" ಎಂದರು, ನಮ್ಮ ಮನೆಯೊಂದನ್ನು ಬಿಟ್ಟು. ಗಂಡನ ಹೆಸರು ಹೇಳಬಾರದು ಎನ್ನುತ್ತಿದ್ದರು. ಈಗ ಅದಕ್ಕೆಲ್ಲ ಅಂಜುವ ವಯಸ್ಸು ನನ್ನದಲ್ಲ. ಭರಮಣ್ಣ ಒಳಗೆ ಉಳಿದಿದ್ದ.

ಸಂಕವ್ವ ಅಳಲಿಲ್ಲ. ಕುಸಿದ ಬಂಡೆಯ ಬಳಿ ಹೋಗಿ ಬೋರಲು ಮಲಗಿ ಕಿವಿಯಿಟ್ಟಳು. ಬಹಳ ಹೊತ್ತಾದ ಮೇಲೆ ಚೀರಿದಳು: "ಬಡೀಲಿಕ್ಕತ್ತಾನ! ನನ್ನ ಮಗ ಒಳಗಿಂದ ಬಡೀಲಿಕ್ಕತ್ತಾನ!"

ದ್ಯಾವಪ್ಪನೂ ಕಿವಿಯಿಟ್ಟು ನೋಡಿದ. "ಅದು ಕಲ್ಲು ಕುಂದರೂ ಸಪ್ಪಳ ಅಕ್ಕಾ. ಕುಸದ ಮ್ಯಾಲ ಗುಡ್ಡ ಹಂಗ ಸಪ್ಪಳ ಮಾಡ್ತೈತಿ. ಏಳು, ಮನೀಗೆ ನಡಿ," ಎಂದ. ನಾನೂ ಕಿವಿಯಿಟ್ಟೆ. ಏನೋ ಕೇಳಿಸಿತು. ಅದು ಕಲ್ಲಿನದೋ, ನನ್ನ ಎದೆಯದೋ ತಿಳಿಯಲಿಲ್ಲ. ಮರುದಿನವೂ ಅವಳು ಅಲ್ಲಿಂದ ಏಳಲಿಲ್ಲ. ಅದರ ಮರುದಿನ ನಾಲ್ಕು ಜನ ಹಿಡಿದು ಎಳೆದು ತಂದರು. ಅಷ್ಟರಲ್ಲಿ ಮೂಡಣ ಮಗ್ಗುಲಲ್ಲಿ ಮೀನಿನ ಕಲ್ಲು ಎದ್ದಿತ್ತು.

ವಿಧಿಯಂತೆ ಎಲ್ಲ ನಡೆಯಿತು. ನಾವು ಬೆನ್ನು ತಿರುಗಿಸಿ ನಿಂತೆವು, ಅವಳು ಗುಣಿಗೆ ಇಳಿದಳು, ಮೂರು ಸಲ ಕರೆದಳು, ಮೇಲೆ ಬಂದಳು. ಹೆಂಗಸರು ನನ್ನ ಬಳೆ ಒಡೆಯಲು ಬಂದಾಗ ಮಾತ್ರ ಅಡ್ಡ ನಿಂತಳು. "ಮುಟ್ಟಿದ್ರ ನೋಡ್ರಿ! ಇನ್ನೂ ಸಣ್ಣಾಕಿ ಅದಾಳ, ಬಳಿ ಇರ್ಲಿ," ಎಂದು ಗದರಿದಳು. ಗಂಡುಬೀರಿಯಂಥ ಅತ್ತೆಗೆ ಸೊಸೆಯ ಮೇಲೆ ಇಷ್ಟು ಕರುಳೇ ಎಂದು ಊರು ಬೆರಗಾಯಿತು. ನಾನೂ ಬೆರಗಾದೆ. ಬಳೆಯ ಕೈಯಲ್ಲೇ ರೊಟ್ಟಿ ಬಡಿಯುತ್ತ, ಗೋಡೆಯ ತಗ್ಗನ್ನು ನೋಡುತ್ತ ದಿನ ನೂಕಿದೆ.

ಎಷ್ಟೋ ಸುಗ್ಗಿ ಕಳೆದವು. ಒಂದು ಬೇಸಿಗೆಯ ಮಧ್ಯಾಹ್ನ ಒಲೆಯ ಮುಂದೆ ಕೂತಿದ್ದೆ. ಬಾಗಿಲ ಬೆಳಕು ಮಬ್ಬಾಯಿತು. ತಿರುಗಿದರೆ ಹೊಸ್ತಿಲ ಆಚೆ ಭರಮಣ್ಣ ನಿಂತಿದ್ದ. ನಾನು ಮೊದಲು ಮಾಡಿದ್ದೇನೆಂದರೆ ಗೋಡೆಯ ಕಡೆ ನೋಡಿದ್ದು. ತಗ್ಗು ಇದ್ದ ಹಾಗೇ ಇತ್ತು. ಮತ್ತೆ ಬಾಗಿಲ ಕಡೆ ನೋಡಿದೆ. ಅವನೂ ಇದ್ದ. "ಯಾರು?" ಎಂದು ಕೇಳಿದೆ, ಗಂಡನನ್ನೇ.

"ರೊಟ್ಟಿ ಹೊತ್ತಲಿಕ್ಕತ್ತೈತಿ," ಎಂದ ಅವನು.

ಹಿತ್ತಲಿನಿಂದ ಸಂಕವ್ವ ಬಂದಳು. ಓಡಿ ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಕಂಬ ಹಿಡಿದು ನಿಂತು ಅವನ ಕಾಲಿನಿಂದ ತಲೆಯವರೆಗೆ ನೋಡಿದಳು. ಮುಖ ಬಿಳಿಚಿಕೊಂಡಿತು. "ನೀರು ಕೊಡವಾ. ಪಡಸಾಲ್ಯಾಗ ಕುಂದರ್ಲಿ. ಒಳಗ ಬರೂದು ಬ್ಯಾಡ," ಎಂದು ಹೇಳಿ, ಬಂದ ದಾರಿಯಲ್ಲೇ ಹಿತ್ತಲಿಗೆ ಹೋಗಿಬಿಟ್ಟಳು.

ಅವನು ಪಡಸಾಲೆಯಲ್ಲೇ ಉಳಿದ. ತಲೆಗೂದಲಲ್ಲಿ ಕಲ್ಲಿನ ಬಿಳಿ ದೂಳು ಇತ್ತು. ಸೀಗೆಕಾಯಿ ಹಾಕಿ ಎಷ್ಟು ತೊಳೆದರೂ ಒಣಗಿದ ಮೇಲೆ ಮತ್ತೆ ಬಿಳಿಯೇ. ಎಲ್ಲಿದ್ದಿರಿ ಎಂದರೆ ನೆಲ ನೋಡುತ್ತಿದ್ದ. ಹೆಸರು ಹಿಡಿದು ಕರೆದರೆ, ಬೇರೆ ಯಾರನ್ನೋ ಕರೆದರೇನೋ ಎಂಬಂತೆ ತಡೆದು ತಿರುಗುತ್ತಿದ್ದ. ಊಟಕ್ಕಿಡುವಾಗ ಅವನ ಕೈ ತಾಕಿತು, ಆ ಬೇಸಿಗೆಯಲ್ಲೂ ನೀರಿನ ಕೊಡದ ಹಾಗೆ ತಣ್ಣಗಿತ್ತು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಆ ಕೈಯನ್ನು ಹಿಡಿದುಕೊಳ್ಳಬೇಕೆನ್ನಿಸಿತು.

ಒಂದು ದಿನ ಹಾಡುಹಗಲಲ್ಲಿ ಅವನು ಪಡಸಾಲೆಯ ನೆಲದ ಮೇಲೆ ಬೋರಲು ಮಲಗಿ ಹಾಸುಗಲ್ಲಿಗೆ ಕಿವಿಯಿಟ್ಟಿದ್ದ. ಅವನ ತಾಯಿ ಅಂದು ಮಲಗಿದ್ದ ಹಾಗೆಯೇ.

"ಏನು ಕೇಳ್ತೀರಿ?" ಎಂದೆ.

"ಬಡೀಲಿಕ್ಕತ್ತಾನ."

"ಯಾರು?"

ಅವನು ಮುಖವೆತ್ತಿ ನನ್ನನ್ನು ನೋಡಿದ. "ನಾನಂತೂ ಅಲ್ಲ," ಎಂದ. ಮತ್ತೆ ಕಿವಿಯಿಟ್ಟ.

ಊರು ಸುಮ್ಮನಿರುತ್ತದೆಯೇ? ನೀರಿಗೆ ಹೋಗುವ ಹೆಂಗಸರು ನಮ್ಮ ಓಣಿ ಬಿಟ್ಟು ಸುತ್ತಿ ಹೋಗತೊಡಗಿದರು. ಸಂಕವ್ವನ ಮನೆಗೆ ಪಳೆಯುಳಿಕೆ ಬಂದು ಕೂತಿದೆ ಎಂದು ಪಿಸುಗುಟ್ಟಿದರು. ಈ ಸಲ ಆ ಪದಕ್ಕೆ ಯಾರೂ ನಗಲಿಲ್ಲ. ಕಡೆಗೆ ದ್ಯಾವಪ್ಪ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ನಮ್ಮ ಕಟ್ಟೆಗೆ ಬಂದ. ಖಣಿಯಲ್ಲಿ ಹೊಸ ಮಗ್ಗುಲು ತೆರೆಯುವ ದಿನ ಹತ್ತಿರವಾಗಿತ್ತು.

"ಅಕ್ಕಾ, ಸಿಟ್ಟಾಗಬ್ಯಾಡ," ಎಂದ. "ಮಣ್ಣಾಗ ಕಲ್ಲು ಇದ್ದಾಂವ ಮ್ಯಾಲ ಓಡಾಡಿದ್ರ ಮಂದಿ ಹ್ಯಾಂಗ ಖಣೀಗೆ ಇಳೀಬೇಕು? ಗುಣಿ ತಗಸೂಣು. ಉಳಿಕಿ ತಗದು ಗ್ವಾಡಿಯ ಕಲ್ಲಿಗೆ ಜೋಡಸು. ಜೋಡಿ ಕೂಡಿತು ಅಂದ್ರ ಅಂವ ಕಲ್ಲು ಬಿಟ್ಟು ಎದ್ದಾಂವ ಅಲ್ಲ, ಜೀವಂತ ನಿನ್ನ ಮಗ, ನಮ್ಮ ಹುಡುಗ. ಇಲ್ಲಂದ್ರ ಊರು ಬಿಡ್ಲಿ."

"ಗುಣಿ ಮುಟ್ಟಬ್ಯಾಡ್ರಿ," ಎಂದಳು ಸಂಕವ್ವ. ಎಷ್ಟು ಕೇಳಿದರೂ ಅದೊಂದೇ ಮಾತು.

ಅವರು ಹೋದ ಮೇಲೆ ನಾನು ಬಾಯಿಗೆ ಬಂದ ಹಾಗೆ ಅಂದೆ. "ಮಗ ಹೊಸ್ತಿಲ ಹೊರಗ ಭಿಕ್ಷುಕನ ಹಂಗ ಕುಂತಾನ, ನೀವು ಕಲ್ಲು ಕಾಯಕೋತ ಕುಂತೀರಿ! ಹೆತ್ತ ಹೊಟ್ಟಿ ಏನು ಕಲ್ಲೇನ್ರಿ ಅತ್ತಿ? ನಿಮಗ ಬ್ಯಾಡಾದ್ರ ಬಿಡ್ರಿ, ನನಗ ಬೇಕು ಅಂವ. ಮಣ್ಣಿನಿಂದ ಎದ್ದು ಬಂದಿದ್ರೂ ಬೇಕು." ಅಷ್ಟು ಹೊತ್ತಿಗೆ ನನಗೆ ಅಳು ಬಂದಿತ್ತು. ಅವನು ಊರು ಬಿಟ್ಟರೆ ನಾನು ಮತ್ತೆ ಗೋಡೆಯ ಜೊತೆ ಮಾತಾಡಬೇಕಿತ್ತು. ಅದು ಇನ್ನು ನನ್ನಿಂದಾಗುತ್ತಿರಲಿಲ್ಲ.

ಅತ್ತೆ ತಿರುಗಿ ಬೈಯಲಿಲ್ಲ. "ಅಂವ ಹ್ಯಾಂಗ ಬಂದಾನ ಅಂತ ನಿನಗ ತಿಳೀದು," ಎಂದಳು. "ನನಗ ತಿಳಿದೈತಿ. ಅದಕ್ಕ ಅಂಜಿಕಿ ನನಗ."

ಅವಳು ಒಪ್ಪಲಿಲ್ಲ, ಊರು ಕಾಯಲಿಲ್ಲ. ಹೆಂಡತಿಯ ಒಪ್ಪಿಗೆ ಸಾಕು ಎಂದ ದ್ಯಾವಪ್ಪ, ನಾನು ಕೊಟ್ಟೆ. ಮರುದಿನ ಬೆಳಿಗ್ಗೆ ಗೋಡೆಯ ಕಲ್ಲನ್ನು ಹಾರೆಯಿಂದ ಮೀಟಿಸಿ, ಎದೆಗೆ ಅವಚಿಕೊಂಡು ಖಣಿಯ ದಂಡೆಗೆ ನಡೆದೆ. ಭರಮಣ್ಣ ನನ್ನ ಹಿಂದೆ ಬಂದ. ಊರಿನವರು ಅವನ ಸುತ್ತ ಜಾಗ ಬಿಟ್ಟು ನಿಂತರು. ಸಂಕವ್ವ ಎಲ್ಲರಿಗಿಂತ ದೂರದಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಗುಣಿ ಬಹಳ ಆಳವೇನೂ ಇರಲಿಲ್ಲ. ಬಟ್ಟೆ ಕೊಳೆತು ಮಣ್ಣಿಗೆ ಕೂಡಿಹೋಗಿತ್ತು. ಕಲ್ಲು ಮೇಲೆ ಬಂತು. ದ್ಯಾವಪ್ಪ ಅದರ ಮಣ್ಣನ್ನು ಒರೆಸಿದ, ತಿರುಗಿಸಿದ, ಆ ಕಡೆಯನ್ನೂ ಒರೆಸಿದ. ಎರಡೂ ಕಡೆ ಬೋಳು. ಮೀನಿನ ಬೆನ್ನಿಲ್ಲ, ಮುಳ್ಳಿಲ್ಲ, ಒಂದು ಗೀರು ಕೂಡ ಇಲ್ಲ.

"ಎದ್ದು ಬಂದಾನ!" ಎಂದು ಯಾವಳೋ ಕಿರುಚಿದಳು. "ಕಲ್ಲು ಬಿಟ್ಟು ಎದ್ದು ಬಂದಾನ!"

ಗುಣಿಯಲ್ಲಿದ್ದವರು ಸಲಿಕೆ ಬಿಸಾಡಿ ಮೇಲೆ ಹಾರಿದರು. ಜನ ಹಿಂದೆ ಸರಿದರು. ಕೆಲವರು ಬಾಗಿ ಕೈಗೆ ಸಿಕ್ಕ ಕಲ್ಲು ಎತ್ತಿಕೊಂಡರು. ಭರಮಣ್ಣ ಮಾತ್ರ ಮುಂದೆ ಬಂದು, ಆ ಬೋಳು ಕಲ್ಲಿನ ಪಕ್ಕ ಕೂತು, ಅದರ ಮೇಲೆ ನಿಧಾನವಾಗಿ ಕೈಯಾಡಿಸಿದ. ಏನನ್ನೋ ಹುಡುಕುತ್ತಿದ್ದಾನೆಂದು ತೋರಿತು. ನಾನು ಹೋಗಿ ಅವನ ಮುಂದೆ ನಿಂತೆ. ಕಲ್ಲು ಹೊಡೆಯುವುದಾದರೆ ಮೊದಲು ನನಗೆ ಹೊಡೆಯಲಿ ಎಂದುಕೊಂಡೆ.

"ನೀ ಯಾರಾದ್ರೂ ಆಗಿರು," ಎಂದ ದ್ಯಾವಪ್ಪ. "ಹೊತ್ತು ಮುಳುಗೂದರೊಳಗ ಊರು ಬಿಡಪ್ಪ. ಕೈ ಮುಗೀತೇನಿ."

"ತಡೀರಿ!"

ಸಂಕವ್ವ ಕೂಗಿದ್ದು. ಕೂಗಿದವಳು ನಮ್ಮ ಕಡೆ ಬರದೆ ಊರಿನ ಕಡೆ ಓಡಿದಳು. ಆ ವಯಸ್ಸಿನಲ್ಲಿ ಅವಳು ಓಡಿದ್ದನ್ನು ನಾನು ನೋಡಿರಲೇ ಇಲ್ಲ. ತಿರುಗಿ ಬಂದಾಗ ಏದುಸಿರು ಬಿಡುತ್ತಿದ್ದಳು; ಸೆರಗಿನ ಗಂಟಿನಲ್ಲಿ ಏನೋ ಭಾರ ಇತ್ತು. ಬಿಚ್ಚಿದಳು. ಮುಳ್ಳುಮುಳ್ಳಾಗಿ, ಬೆನ್ನು ಬಾಗಿಸಿ ಮಲಗಿದ ಮೀನು. ಗೆರೆಗಳ ಸಂದಿಯಲ್ಲಿ ಜೋಳದ ಕಾಳು ಸಿಕ್ಕಿಕೊಂಡಿದ್ದವು. ನಮ್ಮ ಅಡುಗೆಮನೆಯ ಜೋಳದ ಗಡಿಗೆಯ ತಳದಲ್ಲಿ ಅದು ಇತ್ತು. ಇಷ್ಟೂ ವರ್ಷ ನಾನು ಅದರ ಮೇಲಿಂದಲೇ ಜೋಳ ತೋಡಿ ರೊಟ್ಟಿ ಬಡಿದಿದ್ದೆ.

ನನ್ನ ಕೈಯಿಂದ ತಗ್ಗಿನ ಕಲ್ಲನ್ನು ಕಿತ್ತುಕೊಂಡು ಅವಳು ನೆಲದ ಮೇಲಿಟ್ಟಳು, ಮೀನನ್ನು ಅದರ ಮೇಲೆ ಬೋರಲು ಹಾಕಿದಳು. ಪೆಟ್ಟಿಗೆಯ ಮುಚ್ಚಳ ಕೂತ ಹಾಗೆ ಕೂತಿತು. ಕೂದಲೆಳೆ ತೂರುವಷ್ಟು ಸಂದೂ ಇರಲಿಲ್ಲ.

"ನಾನು ಹುಗೀಲಿಲ್ಲ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನೀವು ಬೆನ್ನು ತಿರುಗಿಸಿದ್ರಿ, ನಾನು ಗುಣ್ಯಾಗಿದ್ದ ಬೋಳ ಕಲ್ಲು ಬಟ್ಟ್ಯಾಗ ಸುತ್ತಿ ಇಟ್ಟು, ಇದನ್ನ ಉಡ್ಯಾಗ ಕಟಗೊಂಡು ಬಂದೆ. ಬಡೀಲಿಕ್ಕತ್ತಿದ್ದ ಮಗನ್ನ ಹ್ಯಾಂಗ ಹುಗೀಲಿ? ಕಿವಿ ಇಟ್ಟು ಕೇಳೇನಿ ನಾನು. ಮೊದಲ ದಿನ ಬಡದ, ಎರಡನೇ ದಿನ ಬಡದ. ನೀವು ಎಳಕೊಂಡು ಹೋಗೂವಾಗೂ ಬಡೀಲಿಕ್ಕತ್ತಿದ್ದ." ಅವಳು ಮಗನ ಕಡೆ ತಿರುಗಿದಳು. "ಆಮ್ಯಾಲ ನೀ ಬಂದಿ. ಬಿಳೀ ತಲಿ, ತಣ್ಣನ ಮೈ. ಮಣ್ಣಿಗೆ ಸಲ್ಲೂದನ್ನ ನಾನು ಕದ್ದಿಟ್ಟೆ, ಅದಕ್ಕ ಮಣ್ಣು ನಿನ್ನ ಒಲ್ಲೆ ಅಂದು ಹೀಂಗ ಅರ್ಧಾ ಮಾಡಿ ಕಳಿಸೇತಿ ಅಂತ ಅಂಜಿ ಸತ್ತೆನೋ ಮಗನ. ಹೇಳು, ಎಷ್ಟು ದಿನ ಬಡದೀ? ಯಾರ ತಗದ್ರು ನಿನ್ನ?"

ಭರಮಣ್ಣ ಬೋಳು ಕಲ್ಲಿನ ಮೇಲಿನ ಕೈ ತೆಗೆಯಲಿಲ್ಲ.

"ಅವ್ವಾ, ಬಡೀತಿದ್ದಾಂವ ನಾನಲ್ಲ."

ಬಂದ ದಿನದಿಂದ ಅವನು ತಾಯಿಯೊಡನೆ ಆಡಿದ ಮೊದಲ ಮಾತು ಅದು. ಮುಂದೆ ತಡೆತಡೆದು ಹೇಳಿದ. ಕುಸಿದಾಗ ಒಳಗೆ ಇಬ್ಬರಿದ್ದರು. ಇನ್ನೊಬ್ಬ ತಿಪ್ಪಯ್ಯ ಎಂಬ ಪರವೂರಿನ ಕೂಲಿ, ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ. ಅವನ ಕಾಲು ಬಂಡೆಯ ಕೆಳಗೆ ಸಿಕ್ಕಿತ್ತು. ಹಿಂದೆ ನೀರು ಹೋಗಲೆಂದು ಕೊರೆದಿದ್ದ ಹಳೆಯ ಕಂಡಿಯೊಂದು ಒಬ್ಬ ನುಸುಳುವಷ್ಟು ತೆರೆದಿತ್ತು.

"ನಾ ಹೋಗಿ ಮಂದೀನ್ನ ಕರಕೊಂಡು ಬರ್ತೇನಿ, ನಾ ಬರೂತನಕ ಬಡೀತಿರು, ಸಪ್ಪಳದ ಮ್ಯಾಲ ಬಂದು ತಗೀತೇವಿ ಅಂತ ಹೇಳಿದೆ," ಎಂದ ಭರಮಣ್ಣ. "ಆ ಕಡೆ ಹಳ್ಳದಾಗ ಬಿದ್ದೆ, ತಲಿ ಒಡೀತು. ಗಾಡೀ ಮಂದಿ ಎತಗೊಂಡು ಹೋದ್ರಂತ. ನನ್ನ ಹೆಸರ ನನಗ ನೆನಪಾಗೂ ಹೊತ್ತಿಗೆ ಮಳಿಗಾಲ ಮುಗಿದಿತ್ತು. ಯಾ ಮುಖ ಹೊತಗೊಂಡು ಬರ್ಲಿ? ಊರ ಹೊರಗ ಬಂದು ಬಂದು ತಿರುಗಿ ಹೋದೆ. ಯಾವ ನೆಲಕ್ಕ ತಲಿ ಇಟ್ಟರೂ ಬಡೀತಲೇ ಅದಾನ ಅವ್ವಾ. ನಾ ಬರ್ತೇನಿ ಅಂತ ನಂಬ್ಯಾನ."

ಎತ್ತಿಕೊಂಡಿದ್ದ ಕಲ್ಲುಗಳನ್ನು ಒಬ್ಬೊಬ್ಬರೇ ಸದ್ದಾಗದಂತೆ ಕೆಳಗೆ ಬಿಟ್ಟರು.

"ತಿಪ್ಪಯ್ಯ," ಎಂದ ದ್ಯಾವಪ್ಪ. ಅವನಿಗೆ ನೆನಪು ಮಾಡಿಕೊಳ್ಳಲು ಹೊತ್ತು ಹಿಡಿಯಿತು. "ಅಂವ ಹೇಳದ ಕೇಳದ ಓಡಿ ಹೋದ ಅಂತ ತಿಳದ್ವಲ್ಲಪಾ. ನಾ ಕೂಗಿದ್ದು ನಮ್ಮ ಊರಿನ ಮನಿಗೋಳನ್ನ. ಅಂವಗ ಇಲ್ಲಿ ಮನಿ ಎಲ್ಲಿತ್ತು?" ಹಾಗೆನ್ನುತ್ತಲೇ ತಾನು ಕಿವಿಯಿಟ್ಟು ಕೇಳಿದ್ದು ಅವನಿಗೆ ನೆನಪಾಗಿರಬೇಕು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಇದ್ದಲ್ಲೇ ಕುಕ್ಕರಿಸಿದ.

ಸಂಕವ್ವ ಬಹಳ ಹೊತ್ತು ಆ ಹೆಸರನ್ನು ಬಾಯೊಳಗೇ ಹೇಳಿಕೊಂಡಳು. ಆಮೇಲೆ ಕೇಳಿದಳು, "ತಿಪ್ಪಯ್ಯ ಅಂದಿ ಏನು?"

"ಹೂಂ ಅವ್ವಾ."

"ಹುಟ್ಟಿದ ಕೂಸು ಒಂದೂ ಉಳೀಲಿಲ್ಲ ಅಂದ್ರ ತಿಪ್ಪಿ ಮ್ಯಾಲ ಹೊಳ್ಳಾಡಿಸಿ ಆ ಹೆಸರು ಇಡ್ತಾರ, ಇದಾದ್ರೂ ಉಳೀಲಿ ಅಂತ," ಎಂದಳು. "ಎಷ್ಟು ಕಳಕೊಂಡು ಇವನ್ನ ಉಳಿಸಿಕೊಂಡಿದ್ದಳೋ ಆ ತಾಯಿ. ಎಲ್ಲಿ ಕುಂತು ದಾರಿ ನೋಡಲಿಕ್ಕತ್ತಾಳೋ."

ಅವಳು ಬೋಳು ಕಲ್ಲನ್ನು ಎತ್ತಿಕೊಂಡಳು. ತನ್ನ ಮದುವೆಯ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಹರಿದು, ಅದರಲ್ಲಿ ಸುತ್ತಿದಳು. ಗುಣಿಗೆ ಇಳಿಯುವಾಗ ಜನ ಅಭ್ಯಾಸಬಲದಿಂದ ಬೆನ್ನು ತಿರುಗಿಸಹೋದರು. "ಬ್ಯಾಡ," ಎಂದಳು. "ಈ ಸಲ ಎಲ್ಲಾರೂ ನೋಡ್ರಿ." ಊರೆಲ್ಲ ನೋಡುತ್ತಿರುವಂತೆ ಬಟ್ಟೆ ಸರಿಸಿ, ಏನೂ ಇಲ್ಲದ ಆ ಕಲ್ಲಿನ ಮುಖವನ್ನು ನೋಡಿದಳು, ಮಲಗಿಸಿದಳು. "ತಿಪ್ಪಯ್ಯಾ," ಎಂದು ಕರೆದಳು. ಎರಡನೆಯ ಸಲವೂ ಕರೆದಳು. ಮೂರನೆಯ ಸಲ "ತಿಪ್ಪಯ್ಯಾ, ನನ್ನಪ್ಪಾ," ಎಂದು ಎದೆ ಬಿರಿಯುವ ಹಾಗೆ ಕೂಗಿ, ಉತ್ತರಕ್ಕಾಗಿ ಕಾದಳು. ನಾವೂ ಕಾದೆವು. ನನಗೆ ನಗು ಬರಲಿಲ್ಲ.

ಉಳಿಕೆ ಹುಗಿದ ದಿನ ತಾಯಿಯ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ತರುತ್ತಾರೆ. ಅಂದು ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಡಲು ಜಾಗವಿಲ್ಲದಾಯಿತು. ಸುತ್ತಿ ಹೋಗುತ್ತಿದ್ದ ಹೆಂಗಸರೆಲ್ಲ ಬಂದರು, ಮುಖ ಕೂಡ ನೆನಪಿಲ್ಲದ ಒಬ್ಬನಿಗಾಗಿ ರೊಟ್ಟಿ, ಪಲ್ಯ, ಬುತ್ತಿಗಂಟು ಇಟ್ಟು, ಮಾತಾಡದೆ ಹೋದರು. ಸಂಕವ್ವ ಮಗನನ್ನು ಕೈಹಿಡಿದು ಹೊಸ್ತಿಲು ದಾಟಿಸಿ ಒಳಗೆ ಕೂರಿಸಿದಳು. ಅವನು ತುತ್ತು ಎತ್ತಿ ಹಾಗೆಯೇ ಹಿಡಿದುಕೊಂಡು ಕೂತ. "ಆಗೂದಿಲ್ಲವ್ವಾ," ಎಂದ.

ಅವಳು ಅವನ ತಾಟಿನಿಂದ ಒಂದು ರೊಟ್ಟಿ ತೆಗೆದು ಎರಡು ಮಾಡಿದಳು. ಒಂದು ಪಾಲನ್ನು ಪಕ್ಕದಲ್ಲಿ ಇನ್ನೊಂದು ತಾಟಿಟ್ಟು ಅದಕ್ಕೆ ಬಡಿಸಿದಳು. "ಇದು ಅವನದು. ಅದು ನಿನ್ನದು. ಉಣ್ಣು."

ಅವನು ಉಂಡ. ನಾನು ನೀರು ಇಡಲು ಬಾಗಿದಾಗ ತಾಕಿದ ಅವನ ಕೈ ಬೆಚ್ಚಗಿತ್ತು. ಸಂಕವ್ವ ಮಾತ್ರ ಇನ್ನೊಂದು ತಾಟಿನ ಮುಂದೆ ಕಾಲು ಮಡಿಸಿ ಕೂತು, ಕತ್ತಲಾಗುವವರೆಗೂ ಹರಿದ ಸೆರಗಿನಿಂದ ಅದರ ಮೇಲಿನ ನೊಣ ಓಡಿಸುತ್ತಿದ್ದಳು.